ಮೂರು ಗಂಟೆಯನ್ನು ಒಂದೇ ಡಿವಿಡಿಗೆ ತುರುಕಬೇಡಿ

ದುಬೈ, ಅಬುಧಾಬಿ, ಶಾರ್ಜಾಗಳಲ್ಲಿರುವ ಕನ್ನಡದ ಕುಟುಂಬಗಳಿಗೆ ಮತ್ತು ಇಲ್ಲಿನ ಕರ್ನಾಟಕ ಸಂಘಗಳ ಪದಾಧಿಕಾರಿಗಳಿಗೆ,



ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಟವರ ಮನೆ ಖಾಲಿಯಾಗುವುದಕ್ಕೂ ಒಂದು ಕ್ರಮವಿದೆ. ಮೊದಲು ಕಾರು ಹೋಗುತ್ತದೆ. ಆಮೇಲೆ ಸೋಫಾ, ಫ್ರಿಜ್ಜು ಪಕ್ಕದ ಫ್ಲ್ಯಾಟಿನವರ ಪಾಲಾಗುತ್ತವೆ. ಪಾತ್ರೆಪಗಡೆ, ಮಕ್ಕಳ ಸೈಕಲ್ಲು ಕಾರ್ಗೋಗೆ. ಕಟ್ಟಕಡೆಗೆ ಮಂಚದ ಅಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಹೊರಬರುತ್ತದೆ. ಅದರೊಳಗೆ ವಿಎಚ್‌ಎಸ್ ಕ್ಯಾಸೆಟ್‌ಗಳು, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಹ್ಯಾಂಡಿಕ್ಯಾಮ್ ಕ್ಯಾಸೆಟ್‌ಗಳು, ಮಾರ್ಕರ್ ಪೆನ್ನಿನಲ್ಲಿ ‘ಸೀಮಂತ’, ‘ರಾಜ್ಯೋತ್ಸವ’, ‘ಅಮ್ಮ ಬಂದಾಗ’ ಎಂದು ಬರೆದ ಸಿಡಿಗಳು. ಹೊರಡಲು ವಾರ ಉಳಿದಿರುವಾಗ ನನಗೆ ಫೋನು: “ಇದನ್ನೆಲ್ಲ ಡಿವಿಡಿ ಮಾಡಿಸ್ಬೇಕಿತ್ತು ಮಾರಾಯ್ರೆ, ಒಂದರಲ್ಲಿ ಎಷ್ಟು ಹಿಡಿಸ್ತದೆ?”

ದುಬೈಯ ಕರಾಮದಲ್ಲಿ ವಿಡಿಯೊ ಎಡಿಟಿಂಗ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಫೋನಿನಲ್ಲಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯುವುದೇ ವಾಸಿ ಅನ್ನಿಸಿತು.

ಎಷ್ಟು ಬೇಕಾದರೂ ಹಿಡಿಸುತ್ತದೆ. ತಾಪತ್ರಯ ಇರುವುದೇ ಅಲ್ಲಿ. ಒಂದು ಡಿವಿಡಿಯ ಜಾಗ 4.7 ಜಿಬಿ. (ಕಂಪ್ಯೂಟರಿಗೆ ಹಾಕಿದರೆ 4.38 ಎಂದು ತೋರಿಸುತ್ತದೆ. ಅಂಗಡಿಯವನ ಮೋಸವೇನಲ್ಲ, ಡಿಸ್ಕ್ ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.) ಅಷ್ಟು ಜಾಗಕ್ಕೆ ಒಂದು ಗಂಟೆಯ ವಿಡಿಯೊ ಹಾಕಿದರೆ ಚಿತ್ರಕ್ಕೆ ಸೆಕೆಂಡಿಗೆ 9 ಮೆಗಾಬಿಟ್ ಆಸುಪಾಸು ಸಿಗುತ್ತದೆ. ಡಿವಿಡಿಯಲ್ಲಿ ಚಿತ್ರಕ್ಕೆ ಕೊಡಬಹುದಾದ ಗರಿಷ್ಠವೇ 9.8. ಎರಡು ಗಂಟೆ ಹಾಕಿದರೆ 5ರ ಒಳಗೆ ಬರುತ್ತದೆ. ಇ-180 ಕ್ಯಾಸೆಟ್ಟಿನ ಪೂರ್ತಿ ಮೂರು ಗಂಟೆ ತುರುಕಿದರೆ 3ಕ್ಕೆ ಚೂರು ಮೇಲೆ.

ಸಿನಿಮಾ ಡಿವಿಡಿಗಳಲ್ಲಿ ಎರಡೂವರೆ ಗಂಟೆ ಚೆನ್ನಾಗಿಯೇ ಕಾಣುತ್ತದಲ್ಲ ಎನ್ನಬಹುದು. ಅವು ಎರಡು ಪದರದ, 8.5 ಜಿಬಿಯ ಡಿಸ್ಕುಗಳು, ಚಿತ್ರವೂ ಶುದ್ಧ. ನಮ್ಮ ವಿಎಚ್‌ಎಸ್‌ನಲ್ಲಿ ಗೋಡೆಯ ಮೇಲೂ ನೆರಳಿನ ಮೇಲೂ ಸದಾ ಕಾಳುಕಾಳು ಮಿಣುಗುತ್ತಿರುತ್ತದೆ. ಡಿವಿಡಿ ಬಳಸುವ ಎಂಪೆಗ್-2 ವಿಧಾನ ಜಾಗ ಉಳಿಸುವುದು ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬದಲಾಗಿದ್ದೇನು ಎಂಬುದನ್ನಷ್ಟೇ ಬರೆದುಕೊಂಡು. ಆ ಕಾಳುಗಳು ಪ್ರತಿ ಚಿತ್ರದಲ್ಲೂ ಬದಲಾಗುತ್ತವೆ. ಖಾಲಿ ಗೋಡೆಗೇ ಅರ್ಧ ಬಿಟ್‌ಗಳು ಖರ್ಚಾಗಿ ಮುಖಗಳಿಗೆ ಉಳಿಯುವುದು ಅಷ್ಟಕ್ಕಷ್ಟೆ. ಮದುವೆ ಕ್ಯಾಸೆಟ್ಟಿನಲ್ಲಿ ಇದು ಎಲ್ಲಿ ಕೈಕೊಡುತ್ತದೆ ಗೊತ್ತೇ? ಸರಿಯಾಗಿ ಮುಹೂರ್ತದಲ್ಲಿ. ನೂರು ಕೈ ಒಟ್ಟಿಗೆ ಏಳುತ್ತವೆ, ಅಕ್ಷತೆ ಹಾರುತ್ತದೆ, ಫೋಟೋದವನ ಫ್ಲ್ಯಾಶ್ ಮಿಂಚುತ್ತದೆ. ತೆರೆಯ ಮೇಲಿನ ಎಲ್ಲವೂ ಒಮ್ಮೆಗೇ ಬದಲಾದಾಗ 3 ಮೆಗಾಬಿಟ್ ಯಾವ ಮೂಲೆಗೂ ಸಾಲದೆ ವಧೂವರರ ಮುಖ ಚೌಕಚೌಕವಾಗಿ ಒಡೆದುಹೋಗುತ್ತದೆ. ಊಟದ ಪಂಕ್ತಿ ಮಾತ್ರ ಸ್ಪಷ್ಟ.

ಹಾಗಾಗಿ ಡಿವಿಡಿ ಮಾಡಿಸುವುದೇ ಆದರೆ ಡಿಸ್ಕಿಗೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಧ್ವನಿಗೆ ಡಾಲ್ಬಿ ಎಸಿ-3, 192ರಿಂದ 256 ಕಿಲೋಬಿಟ್ ಸಾಕು. ಪಿಸಿಎಂ ಎಂದು ಇಟ್ಟರೆ ಸದ್ದಿಲ್ಲದೆ ಒಂದೂವರೆ ಮೆಗಾಬಿಟ್ ನುಂಗುತ್ತದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಡಿವಿಡಿಯ ಸೆಟ್ಟಿಂಗ್ ವಿಚಾರವನ್ನಲ್ಲ. ಡಿಸ್ಕು ನೋಡುವುದಕ್ಕೆ ಮಾಡಿಸುವ ಪ್ರತಿ, ಅಷ್ಟೆ. ಅದನ್ನೇ ಮೂಲ ಎಂದುಕೊಂಡು ಕ್ಯಾಸೆಟ್ ಎಸೆಯಬೇಡಿ. ಈ ಅನಾಹುತ ಒಂದು ಸಲ ಆಗಿಹೋಗಿದೆ. 2000ದ ಆಚೀಚೆ ಊರಿನ ಮದುವೆ, ಗೃಹಪ್ರವೇಶಗಳೆಲ್ಲ ವಿಸಿಡಿಯಾಗಿ, ಬರುವವರ ಕೈಯಲ್ಲಿ ಇಲ್ಲಿಗೆ ಬಂದವು. ವಿಸಿಡಿಯ ಚಿತ್ರ 352ಕ್ಕೆ 288 ಚುಕ್ಕೆ, ಸೆಕೆಂಡಿಗೆ ಒಂದು ಮೆಗಾಬಿಟ್ಟಿಗಿಂತ ಚೂರು ಹೆಚ್ಚು. ಡಿವಿಡಿಯ 720ಕ್ಕೆ 576ರ ಎದುರು ಅದು ಕಾಲು ಪಾಲು. ಡಿಸ್ಕಿನಲ್ಲಿ ಬಂತಲ್ಲ ಎಂದು ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ ಕಸಕ್ಕೆ ಹೋಯಿತು. ಈಗ ಅದೇ ವಿಸಿಡಿ ತಂದು “ಎಚ್‌ಡಿ ಮಾಡಿ ಕೊಡಿ” ಎನ್ನುತ್ತಾರೆ. ಹಿಂಡಿ ಎಸೆದ ತೆಂಗಿನ ತುರಿಯಲ್ಲಿ ಹಾಲೆಲ್ಲಿಂದ ಬರಬೇಕು?

ಆದ್ದರಿಂದ ಮಾಸ್ಟರ್ ಫೈಲು ಮೊದಲು, ಡಿಸ್ಕು ಆಮೇಲೆ. ಅಂಗಡಿಗೆ ಹೋದರೂ ನನ್ನಂಥವನ ಹತ್ತಿರ ಬಂದರೂ “ಎಷ್ಟು ಡಿವಿಡಿ ಆಗ್ತದೆ” ಎಂದು ಕೇಳುವ ಮೊದಲು “ಮಾಸ್ಟರ್ ಫೈಲು ಯಾವ ರೂಪದಲ್ಲಿ ಕೊಡ್ತೀರಿ” ಎಂದು ಕೇಳಿ. ಮಿನಿಡಿವಿ ಅಥವಾ ಡಿಜಿಟಲ್8 ಕ್ಯಾಸೆಟ್ಟಾದರೆ ನಿಮ್ಮ ಅದೃಷ್ಟ. ಅದರೊಳಗಿರುವುದು ಆಗಲೇ ಡಿಜಿಟಲ್. ಫೈರ್‌ವೈರ್ ಕೇಬಲ್ ಹಾಕಿದರೆ ಕ್ಯಾಸೆಟ್ಟಿನಲ್ಲಿದ್ದದ್ದು ಇದ್ದ ಹಾಗೆಯೇ ಕಂಪ್ಯೂಟರಿಗೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್ ಕೂರುತ್ತವೆ. ಇಷ್ಟಕ್ಕೆ ‘ಕುಗ್ಗಿಸುವ’ ಮಾತೇ ಬೇಡ. ತೊಂದರೆ ಒಂದೇ: ಹೊಸ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ತೂತೇ ಇಲ್ಲ. ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ವಿಎಚ್‌ಎಸ್, ವಿಡಿಯೊ8, ಹೈ8 ಅನಲಾಗ್. ಅವನ್ನು ಎಫ್‌ಎಫ್‌ವಿ1 ಎಂಬ, ಏನನ್ನೂ ಬಿಸಾಡದೆ ಕುಗ್ಗಿಸುವ ರೂಪದಲ್ಲಿ ಇಟ್ಟುಕೊಂಡರೆ ಗಂಟೆಗೆ 30 ಜಿಬಿ ಹತ್ತಿರ ಆಗುತ್ತದೆ. ಅಷ್ಟು ಜಾಗ ಬೇಡವೆಂದರೆ ಡಿವಿ ರೂಪದಲ್ಲೇ 13 ಜಿಬಿಗೆ ಇಟ್ಟುಕೊಳ್ಳಿ. ವಿಎಚ್‌ಎಸ್‌ಗೆ ಅದು ಧಾರಾಳ.

ಯಂತ್ರದ ವಿಷಯದಲ್ಲಿ ನಾವು ಗಲ್ಫಿನವರು ಪುಣ್ಯವಂತರು. ಎಮಿರೇಟ್ಸ್‌ನಲ್ಲಿ ಇದ್ದದ್ದು ಪಾಲ್ ಎಂಬ ಟಿವಿ ಪದ್ಧತಿ, ಪಕ್ಕದ ಸೌದಿಯಲ್ಲಿ ಸೆಕಾಮ್, ಅಮೆರಿಕನ್ ಕಂಪನಿಗಳವರು ತಂದ ಕ್ಯಾಸೆಟ್‌ಗಳು ಎನ್‌ಟಿಎಸ್‌ಸಿ. ಹೀಗಾಗಿ ಇಲ್ಲಿನ ಅಂಗಡಿಗಳಲ್ಲಿ ಮಲ್ಟಿಸಿಸ್ಟಮ್ ವಿಸಿಆರ್‌ಗಳು ಸಾಮಾನ್ಯವಾಗಿದ್ದವು. ಎಂಬತ್ತು, ತೊಂಬತ್ತರ ದಶಕದಲ್ಲಿ ನೀವು ಊರಿಗೆ ಹೊತ್ತ ಆ ಜೆವಿಸಿ, ನ್ಯಾಷನಲ್, ಸೋನಿ ವಿಸಿಆರ್ ಇಂದಿಗೂ ಅಣ್ಣನ ಮನೆಯ ಕಪಾಟಿನಲ್ಲಿದ್ದರೆ ಅದಕ್ಕೆ ಬಟ್ಟೆ ಹೊದೆಸಿ ಜೋಪಾನ ಮಾಡಿ. ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಬರುವ ಮಾತಿಲ್ಲ. ಹ್ಯಾಂಡಿಕ್ಯಾಮಿನ ವಿಡಿಯೊ8, ಹೈ8 ಕ್ಯಾಸೆಟ್ಟಿಗಾದರೆ ಸೋನಿಯ ಡಿಜಿಟಲ್8 ಕ್ಯಾಮೆರಾ ಹುಡುಕಿ. ಅದರ ಅನೇಕ ಮಾದರಿಗಳು ಹಳೆಯ 8 ಮಿಮೀ ಕ್ಯಾಸೆಟ್ಟನ್ನೂ ಓದಿ ಫೈರ್‌ವೈರ್‌ನಲ್ಲಿ ನೇರ ಡಿಜಿಟಲ್ ಮಾಡಿ ಕೊಡುತ್ತವೆ. ಎಲ್ಲ ಮಾದರಿಗಳಿಗೂ ಆ ಗುಣವಿಲ್ಲ. ಡುಬಿಜಲ್ ಜಾಲತಾಣದಲ್ಲಿ ನೋಡಿ ಕೊಳ್ಳುವುದಾದರೆ ನಿಮ್ಮದೇ ಒಂದು ಹಳೆಯ ಕ್ಯಾಸೆಟ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಎದುರಿಗೇ ಹಾಕಿ ನೋಡಿ, ಆಮೇಲೆ ದಿರ್ಹಮ್ ಎಣಿಸಿ.

ಬೇಡದ್ದೂ ಒಂದಿದೆ. ಕೆಂಪು, ಬಿಳಿ, ಹಳದಿ ಪಿನ್ನು ಚುಚ್ಚಿದರೆ ಎಚ್‌ಡಿಎಂಐ ಕೊಡುವ ಅಂಗೈಯಗಲದ ಅಗ್ಗದ ಡಬ್ಬಿ. ಟಿವಿಯಲ್ಲಿ ನೋಡಲಿಕ್ಕೆ ಅಡ್ಡಿಯಿಲ್ಲ. ಅದರ ಮೂಲಕ ರೆಕಾರ್ಡ್ ಮಾಡಿದರೆ ಮಾತ್ರ 4:3ರ ಚಿತ್ರವನ್ನು ಅಗಲಕ್ಕೆ ಎಳೆದು ನಮ್ಮ ಚಿಕ್ಕಪ್ಪಂದಿರನ್ನೆಲ್ಲ ಗುಂಡಗೆ ಮಾಡುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ ಚಲನೆಯನ್ನು ಅರ್ಧ ಮಾಡಿಬಿಡುತ್ತದೆ.

ಚಲನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅತಿ ಹೆಚ್ಚು ಹಾಳಾಗುವುದು ಅದೇ. ಪಾಲ್ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಎನ್ನುತ್ತೇವೆ, ಆದರೆ ಅದು ನಿಜಕ್ಕೂ ಹಿಡಿಯುವುದು 50 ಅರ್ಧ ಚಿತ್ರಗಳನ್ನು. ಒಮ್ಮೆ ಬೆಸ ಸಾಲುಗಳು, ಒಮ್ಮೆ ಸಮ ಸಾಲುಗಳು. ಇವಕ್ಕೆ ಫೀಲ್ಡ್ ಎಂದು ಹೆಸರು. ಸಫಾ ಪಾರ್ಕಿನಲ್ಲಿ ಮಗು ಉಯ್ಯಾಲೆ ಆಡುವ ಒಂದು ಕ್ಯಾಸೆಟ್ ನೆನೆಯಿರಿ. ಯಾವ ಫೀಲ್ಡ್ ಮೊದಲು ಎಂಬುದನ್ನು ಡಿವಿಡಿ ಮಾಡುವವನು ತಿರುವುಮುರುವು ಮಾಡಿದರೆ ಉಯ್ಯಾಲೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂದು ತಡವರಿಸುತ್ತ ಹೋಗುತ್ತದೆ. ಕಂಪ್ಯೂಟರಿನಲ್ಲಿ ನೋಡುವಾಗ ಇದು ಕಾಣುವುದೇ ಇಲ್ಲ. ಟಿವಿಗೆ ಹಾಕಿದ ಮೇಲೆ ಕಣ್ಣು ನೋಯತೊಡಗುತ್ತದೆ. ಡಿವಿ ಕ್ಯಾಸೆಟ್ಟಿಗೆ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ವಿಎಚ್‌ಎಸ್‌ನಿಂದ ಕ್ಯಾಪ್ಚರ್ ಕಾರ್ಡಿನ ಮೂಲಕ ತೆಗೆದದ್ದಕ್ಕೆ ಸಾಮಾನ್ಯವಾಗಿ ಮೇಲಿನದು ಮೊದಲು. ಡಿಸ್ಕಿಗೆ ಬರೆಯುವ ಮೊದಲು ಉಯ್ಯಾಲೆಯೋ ಕಾರೋ ಕುಣಿತವೋ ಇರುವ ಅರ್ಧ ನಿಮಿಷವನ್ನು ಮರುಬರೆಯಬಲ್ಲ ಡಿಸ್ಕಿನಲ್ಲಿ ಹಾಕಿ ಟಿವಿಯಲ್ಲಿ ನೋಡಿಬಿಡಿ. ಯಕ್ಷಗಾನದ ಗಿರಕಿ ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಮಾಸ್ಟರ್ ಫೈಲಿನಲ್ಲಿ ಈ 50 ಅರ್ಧಗಳನ್ನು ಹಾಗೆಯೇ ಬಿಡಿ. ಡಿವಿಡಿಗೂ ಹಾಗೆಯೇ. ಫೋನಿಗೆ, ಪೆನ್‌ಡ್ರೈವಿಗೆ ಪ್ರತಿ ಮಾಡುವಾಗ ಮಾತ್ರ ಪ್ರತಿ ಫೀಲ್ಡನ್ನೂ ಒಂದೊಂದು ಪೂರ್ಣ ಚಿತ್ರವಾಗಿ ಬಿಡಿಸಿ, ಸೆಕೆಂಡಿಗೆ 50 ಇರುವಂತೆ ನೋಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಇಂಟರ್‌ಲೇಸ್ ಎಂಬ ಕಡೆ ‘ಬಾಬ್’ ಆರಿಸಿದರೆ ಆಯಿತು. ಕೋಡೆಕ್ ಎಚ್.264, ಗುಣಮಟ್ಟದ ಅಂಕಿ 18 ಅಥವಾ 19. ಅಂಕಿ ಇಳಿದಷ್ಟೂ ಗುಣ ಹೆಚ್ಚು, ಫೈಲು ದೊಡ್ಡದು. ಇಲ್ಲಿ ಬಿಟ್‌ರೇಟ್ ಕಟ್ಟಿಕೊಂಡು ಒದ್ದಾಡುವುದೇ ಬೇಡ. ಅಕ್ಷತೆಗೆ ಎಷ್ಟು ಬೇಕೋ ಪಂಕ್ತಿಗೆ ಎಷ್ಟು ಬೇಕೋ ಅದೇ ಹಂಚಿಕೊಳ್ಳುತ್ತದೆ. ಎಚ್.265 ಇನ್ನೂ ಚಿಕ್ಕದು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಹೌದು ಅನ್ನಿ, ಆದರೆ ಊರಿನಲ್ಲಿ ಅಮ್ಮನ ಹತ್ತು ವರ್ಷದ ಟಿವಿ ಅದನ್ನು ಓದುತ್ತದೆಯೇ ಎಂದೂ ಕೇಳಿ.

ಅಮ್ಮನ ಟಿವಿಗೆ ಇನ್ನೊಂದು ಕಟ್ಟುಪಾಡಿದೆ. ಅನೇಕ ಪೆನ್‌ಡ್ರೈವ್‌ಗಳು ಎಫ್‌ಎಟಿ32 ಪದ್ಧತಿಯಲ್ಲಿ ಬರುತ್ತವೆ, ಹಳೆಯ ಟಿವಿಗಳು ನೆಚ್ಚುವುದೂ ಅದನ್ನೇ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಮೂರು ಗಂಟೆಯ ಮದುವೆಯನ್ನು ದೇವರ ಪ್ರಾರ್ಥನೆ, ಧಾರೆ, ಊಟ ಎಂದು ಮೂರು ತುಂಡು ಮಾಡಿ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಟಿವಿಗಳಲ್ಲಿ ಬರೀ ಚೌಕಗಳು ಕಾಣುತ್ತವೆ. ಅದು ನನಗೆ ಸಿಟ್ಟು ಬರಿಸುವ ಸಂಗತಿ, ಆದರೆ ಸದ್ಯಕ್ಕೆ ಇಸವಿಯ ಅಂಕಿಯನ್ನು ಮೊದಲಿಗೆ ಇಟ್ಟುಬಿಡಿ.

ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ತಮ್ಮನಿದ್ದರೆ ಅವನಿಗೆ ಡಿಸ್ಕು ಕಳಿಸಬೇಡಿ, ಫೈಲು ಕಳಿಸಿ. ನಮ್ಮ ಪಾಲ್ ಡಿವಿಡಿಯನ್ನು ಅಲ್ಲಿನ ಅನೇಕ ಪ್ಲೇಯರ್‌ಗಳು ಮುಟ್ಟುವುದಿಲ್ಲ. ನಮ್ಮ ಕಡೆಯ ಪ್ಲೇಯರ್‌ಗಳು ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ನುಂಗುತ್ತವೆ. ಇನ್ನು ಡಿವಿಡಿ ಲೆಕ್ಕದಲ್ಲಿ ಎಮಿರೇಟ್ಸ್ 2ನೇ ವಲಯ, ಭಾರತ 5ನೇ ವಲಯ, ಇಲ್ಲಿ ಬರೆದ ಡಿವಿಡಿ ಮಂಗಳೂರಿನಲ್ಲಿ ಓಡುತ್ತದೆಯೇ ಎಂದು ಹೆದರುವವರಿದ್ದಾರೆ. ಆ ವಲಯದ ಬೀಗ ಸಿನಿಮಾ ಕಂಪನಿಯವರು ಹಾಕುವಂಥದ್ದು. ಮನೆಯಲ್ಲಿ ಬರೆದ ಡಿಸ್ಕಿಗೆ ವಲಯವಿಲ್ಲ.

ಹಾಗಾದರೆ ಡಿಸ್ಕು ಬೇಕೇ ಬೇಡವೇ? ಬೇಕು, ಕೆಲವರಿಗೆ. ಪೆನ್‌ಡ್ರೈವ್ ಎಂದರೆ ಗಾಬರಿಯಾಗುವ ಹಿರಿಯರಿಗೆ ರಿಮೋಟಿನಲ್ಲಿ ಮೆನು ಒತ್ತಿ ‘ನಾಮಕರಣ’ ಎಂದು ಆರಿಸುವ ಡಿವಿಡಿ ಇಂದಿಗೂ ಸಲೀಸು. ಅವರಿಗೆ ಡಿವಿಡಿ-ಆರ್ ಕೊಡಿ. ಹಳೆಯ ಪ್ಲೇಯರ್‌ಗಳು ಅದನ್ನು ಡಿವಿಡಿ+ಆರ್ ಡಿಸ್ಕಿಗಿಂತ ಹೆಚ್ಚು ಸಲೀಸಾಗಿ ಓದುತ್ತವೆ. ಎರಡು ಪದರದ ಡಿಸ್ಕು ಬೇಡ, ಪದರ ಬದಲಾಗುವಲ್ಲಿ ಕೆಲವು ಪ್ಲೇಯರ್‌ಗಳು ಮುಗ್ಗರಿಸುತ್ತವೆ. ಒಂದು ಪದರದ ಎರಡು ಡಿಸ್ಕು ಮಾಡಿ. ಬರೆಯುವ ವೇಗ 16ಕ್ಕೆ ಏರಿಸದೆ 4 ಅಥವಾ 8ರಲ್ಲಿ ಬಿಡಿ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ಅದು ಒಂದು ಕಡೆ ಎದ್ದು ಡಿಸ್ಕು ಓಲಾಡುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲಂತೂ ಇಡಲೇಬೇಡಿ. ಬರೆಯಬಹುದಾದ ಡಿಸ್ಕಿನಲ್ಲಿ ಚಿತ್ರ ಕೂತಿರುವುದು ಬಣ್ಣದ ಒಂದು ತೆಳು ಪದರದಲ್ಲಿ. ಬಿಸಿಲು ಬಿದ್ದರೆ ಆ ಬಣ್ಣ ಸಾಯುತ್ತದೆ. ಜುಲೈ ಬಿಸಿಲಿನಲ್ಲಿ ಅಬುಧಾಬಿಯ ಮುಸಫ್ಫಾದಲ್ಲಿ ಗಾಡಿ ನಿಲ್ಲಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಸೆಟ್ಟುಗಳನ್ನು ಬೇಸಿಗೆಯ ಆ ತಿಂಗಳುಗಳಲ್ಲಿ ಹಡಗಿನ ಕಾರ್ಗೋಗೆ ಹಾಕುವುದೂ ಬೇಡ. ಕೈಚೀಲದಲ್ಲಿ ವಿಮಾನಕ್ಕೆ ಒಯ್ಯಿರಿ, ತೂಕ ಹೆಚ್ಚಾದರೆ ಖರ್ಜೂರವನ್ನು ಕಾರ್ಗೋಗೆ ಹಾಕಿ.

8 ಸೆಂ.ಮೀ. ಪುಟಾಣಿ ಡಿಸ್ಕಿನ ಕ್ಯಾಮೆರಾ ಕೊಂಡವರಿಗೆ ಒಂದು ಮಾತು. 1.4 ಜಿಬಿಯ ಆ ಡಿಸ್ಕನ್ನು ಕ್ಯಾಮೆರಾದಲ್ಲೇ ಫೈನಲೈಸ್ ಮಾಡದಿದ್ದರೆ ಬೇರೆ ಪ್ಲೇಯರ್ ಓದುವುದಿಲ್ಲ. ಕ್ಯಾಮೆರಾ ಇನ್ನೂ ಆನ್ ಆಗುತ್ತಿದ್ದರೆ ಈ ಕೆಲಸ ಇವತ್ತೇ ಮುಗಿಸಿ. ಕಾರಿನ ಸ್ಟೀರಿಯೊದ ಬಾಯಿಗೆ ಮಾತ್ರ ಅದನ್ನು ಹಾಕಬೇಡಿ, ಹೊರಗೆ ಬರಲಾರದು.

ಬ್ಲೂ-ರೇ ವಿಚಾರ ಕೇಳುವವರೂ ಇದ್ದಾರೆ. 2006ರ ನಂತರದ ಎವಿಸಿಎಚ್‌ಡಿ ಕ್ಯಾಮೆರಾಗಳಲ್ಲಿ ತೆಗೆದ ಎಚ್‌ಡಿ ವಿಡಿಯೊಗೆ ಅದು ತಕ್ಕ ಡಿಸ್ಕು. ವಿಎಚ್‌ಎಸ್ ಅನ್ನು ಹಿಗ್ಗಿಸಿ ಬ್ಲೂ-ರೇ ಮಾಡಿಸಿದರೆ ಮಂಜು ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಆದರೆ ಹಿಗ್ಗಿಸದೆ 576 ಸಾಲಿನಲ್ಲೇ, 8 ಮೆಗಾಬಿಟ್ಟಿನಲ್ಲಿ ಹಾಕಿದರೆ 25 ಜಿಬಿಯ ಒಂದು ಡಿಸ್ಕಿನಲ್ಲಿ ಆರೂವರೆ ಗಂಟೆಗೂ ಹೆಚ್ಚು ಕೂರುತ್ತದೆ. ಹೀಗೆ ಕೇಳಿ ಮಾಡಿಸಿಕೊಂಡವರು ಕಡಿಮೆ, ಲೆಕ್ಕ ಮಾತ್ರ ಚೆನ್ನಾಗಿದೆ. ಬಣ್ಣದ ಬದಲು ಕಲ್ಲಿನಂಥ ಪದರದಲ್ಲಿ ಕೊರೆದು ಬರೆಯುವ ಎಂ-ಡಿಸ್ಕ್ ಕೂಡ ಇದೆ, ದುಬಾರಿ. ಆದರೆ ಇದನ್ನೆಲ್ಲ ಓದುವ ಯಂತ್ರಗಳ ಕಾಲ ಇಳಿಮುಖ. ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕಿನ ಜೊತೆಗೆ ಮಿನಿಡಿವಿ ಕ್ಯಾಸೆಟ್ಟಿನ ತಯಾರಿಕೆಯನ್ನೂ ನಿಲ್ಲಿಸಿತು. ಮಾಸ್ಟರ್ ಫೈಲು ಎರಡು ಹಾರ್ಡ್ ಡಿಸ್ಕಿನಲ್ಲಿರಲಿ: ಒಂದು ಇಲ್ಲಿ, ಒಂದು ಊರಿನಲ್ಲಿ. ವರ್ಷಕ್ಕೊಮ್ಮೆ ರಜೆಗೆ ಹೋದಾಗ ಊರಿನದನ್ನು ಚುಚ್ಚಿ ತೆರೆದು ನೋಡಿ. ವಾಟ್ಸಾಪ್ ಗುಂಪಿಗೆ ಹಾಕಿದ್ದನ್ನು ಪ್ರತಿ ಎಂದು ಲೆಕ್ಕ ಹಿಡಿಯಬೇಡಿ, ಅಲ್ಲಿಂದ ಇಳಿಸಿಕೊಂಡ ವಿಡಿಯೊ ಆಗಲೇ ಸೊರಗಿರುತ್ತದೆ.

ಇನ್ನು ಊರಿನಲ್ಲೇ ಉಳಿದ ಕ್ಯಾಸೆಟ್ಟುಗಳು. ಉಡುಪಿ, ಕುಂದಾಪುರ, ಕಾಸರಗೋಡಿನ ಮಳೆಗಾಲವನ್ನು ಹತ್ತಿಪ್ಪತ್ತು ಸಲ ಕಂಡ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯಿಂದ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ, ಜೇಡನ ನೂಲಿನಂಥ ಎಳೆ ಕಂಡರೆ ಬೂಸ್ಟು ಹಿಡಿದಿದೆ ಎಂದು ಅರ್ಥ. ಅಂಥದ್ದನ್ನು ವಿಸಿಆರ್‌ಗೆ ಹಾಕಿದರೆ ತಿರುಗುವ ಹೆಡ್ಡಿಗೆ ಬೂಸ್ಟು ಮೆತ್ತಿ ಚಿತ್ರವೇ ಕಾಣದಾಗುತ್ತದೆ. ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಬಿಸಿಲಿಗೆ ಒಣಗಲು ಇಡುವುದೂ ತಪ್ಪು, ಟೇಪು ಸುಕ್ಕಾಗುತ್ತದೆ. ಬೇರೆ ಚೀಲದಲ್ಲಿ ಕಟ್ಟಿ, ಒಣ ಕೋಣೆಯಲ್ಲಿ ಇಟ್ಟು, ಕೈಪಳಗಿದವರಿಗೆ ಕೊಡಿ. ಚಿಪ್ಪು ಬಿಚ್ಚಿ, ಟೇಪನ್ನು ಮೆತ್ತನೆಯ ಬಟ್ಟೆಯ ನಡುವೆ ಒಣಗಾಗಿಯೇ ಹಾಯಿಸಿ, ಬೂಸ್ಟು ಬಿಡಿಸಿ, ಹೊಸ ಚಿಪ್ಪಿಗೆ ಹಾಕಬೇಕು. ಅವಸರದ ಕೆಲಸವಲ್ಲ.

ಇಷ್ಟೆಲ್ಲ ಪಾಡು ಏಕೆ ಎಂದು ನಿಮ್ಮ ಮಕ್ಕಳು ಕೇಳಬಹುದು. ಅಬುಧಾಬಿಯಲ್ಲಿದ್ದವರ ಪೆಟ್ಟಿಗೆಯಲ್ಲಿ ಕೋರ್ನಿಶ್‌ನ ವಾಲ್ಕೆನೊ ಫೌಂಟನ್ ಎದುರು ನಿಂತ ವಿಡಿಯೊ ಇರುವ ಸಂಭವ ಹೆಚ್ಚು. ಕೆಂಪು ದೀಪ ಹಚ್ಚಿದಾಗ ಲಾವಾ ಇಳಿದಂತೆ ಕಾಣುತ್ತಿದ್ದ ಆ ಕಾರಂಜಿಯನ್ನು 2004ರಲ್ಲಿ ಕೆಡವಿದರು. ದುಬೈನವರ ಕ್ಯಾಸೆಟ್ಟಿನಲ್ಲಿ ಶೇಖ್ ಜಾಯೆದ್ ರಸ್ತೆಯ ಬದಿಗೆ 1979ರಲ್ಲಿ ತೆರೆದ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರ ಬಿಟ್ಟರೆ ಮರಳೇ ಮರಳು. ಆ ಮರಳಿನ ಮುಂದೆ ಪಂಚೆ ಉಟ್ಟುಕೊಂಡು ಬಂದ ನಿಮ್ಮ ಅಪ್ಪ ಕ್ಯಾಮೆರಾ ಕಡೆ ನೋಡದೆ ಮಾತಾಡುತ್ತ ನಡೆಯುತ್ತಾರೆ. ಹಳೆಯ ಸಿನಿಮಾಗಳನ್ನು ಕಾಪಿಡಲು ಕಂಪನಿಗಳಿವೆ. ಈ ಪೆಟ್ಟಿಗೆಗಳಿಗೆ ನಾವೇ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಪ್ರತಿ ಮನೆಯವರೂ ಒಂದೊಂದು ವಿಸಿಆರ್ ಹುಡುಕಿ ಅಲೆಯುವ ಬದಲು, ಒಳ್ಳೆಯ ಮಲ್ಟಿಸಿಸ್ಟಮ್ ವಿಸಿಆರ್ ಒಂದು, ಡಿಜಿಟಲ್8 ಕ್ಯಾಮೆರಾ ಒಂದು, ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಒಂದು, ಜೊತೆಗೆ ಟೈಮ್ ಬೇಸ್ ಕರೆಕ್ಟರ್ ಸಂಘದ ಹೆಸರಿನಲ್ಲಿ ಇರಲಿ. ಕೊನೆಯದು ಇಲ್ಲದಿದ್ದರೆ ಹಳೆಯ ಕ್ಯಾಸೆಟ್ಟಿನಲ್ಲಿ ಬಾಗಿಲ ಚೌಕಟ್ಟು ಅಂಕುಡೊಂಕಾಗಿ ಅಲುಗುತ್ತಲೇ ಇರುತ್ತದೆ. ಒಂದು ರಾಜ್ಯೋತ್ಸವದ ಹೂವಿನ ಅಲಂಕಾರದ ಖರ್ಚಿನಲ್ಲಿ ಇಷ್ಟೂ ಬಂದೀತು. ಸಂಘದ್ದೇ ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್ಟುಗಳು ಹಿಂದಿನ ಕಾರ್ಯದರ್ಶಿಗಳ ಮನೆಗಳಲ್ಲಿ ಚೆದುರಿವೆ. ಅವರು ಊರಿಗೆ ಹೋಗುವ ಮೊದಲು ಕೇಳಿ ಪಡೆಯಿರಿ.

ಫೈಲಾದ ಕೂಡಲೇ ಯೂಟ್ಯೂಬಿಗೆ ಹಾಕುವ ಉಮೇದು ಬೇಡ. ಮದುವೆ ವಿಡಿಯೊಗಳ ಹಿನ್ನೆಲೆಯಲ್ಲಿ ಸ್ಟುಡಿಯೊದವರು ಸೇರಿಸಿದ ಸಿನಿಮಾ ಹಾಡಿರುತ್ತದೆ. ಯೂಟ್ಯೂಬಿನ ಯಂತ್ರ ಅದನ್ನು ಗುರುತಿಸಿ ಧ್ವನಿಯನ್ನೇ ಬಂದ್ ಮಾಡಬಹುದು. ಅದಕ್ಕಿಂತ ಮುಖ್ಯವಾಗಿ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ಹಂಚುವುದು ಇಲ್ಲಿನ 2021ರ ಸೈಬರ್ ಅಪರಾಧ ಕಾನೂನಿನ ಕೆಳಗೆ ಶಿಕ್ಷೆಗೆ ದಾರಿಯಾಗಬಹುದು. ಸೀಮಂತದ ಮನೆಯೊಳಗೆ ತೆಗೆದದ್ದು ಆ ಮನೆಯವರ ನಡುವೆಯೇ ಇರಲಿ.

ಒಂದು ಸಣ್ಣ ಸೂಚನೆ ಬಿಟ್ಟಿದ್ದೆ. ಕ್ಯಾಸೆಟ್ ತರುವ ಮೊದಲು “ಸರಿ ಇದೆಯಾ ನೋಡೋಣ” ಎಂದು ಸಿಕ್ಕ ವಿಸಿಆರ್‌ಗೆ ಹಾಕಬೇಡಿ, ರಿವೈಂಡ್ ಮಾಡಲೂ ಹೋಗಬೇಡಿ. ನಿಂತಲ್ಲೇ ನಿಂತಿರಲಿ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಟ್ಯಾಬ್ ಮುರಿದಿಲ್ಲವಾದರೆ ಮುರಿದುಹಾಕಿ. ಯಾರೋ ತಪ್ಪಿ ರೆಕಾರ್ಡ್ ಒತ್ತಿದರೂ ಆಗ ಅಳಿಯುವುದಿಲ್ಲ. ಹ್ಯಾಂಡಿಕ್ಯಾಮ್ ಕ್ಯಾಸೆಟ್ಟಿನಲ್ಲಿ ಮುರಿಯುವ ಟ್ಯಾಬ್ ಇಲ್ಲ, ಬೆನ್ನಿನಲ್ಲಿ ಸರಿಸುವ ಪುಟ್ಟ ಗುಂಡಿ ಇದೆ. ಅದನ್ನು ಸರಿಸಿ ತನ್ನಿ.

ಇಂತಿ ನಿಮ್ಮವ,
ಕರಾಮದ ಒಬ್ಬ ವಿಡಿಯೊ ಎಡಿಟರ್